ಎತ್ತರಿಸಿದ ಗಾಡಿಗೆ ದೊಡ್ಡ ಟೈರು: ಘಟ್ಟ ಇಳಿಯುವ ಮುನ್ನ ಒಂದು ಲೆಕ್ಕ



ಗೋವಾದಲ್ಲಿ ನೆಲೆಸಿರುವ ನಮಗೆ ಊರು ಎಂದರೆ ಘಟ್ಟದ ಆಚೆ. ಮದುವೆಯಾಗಲಿ, ಜಾತ್ರೆಯಾಗಲಿ, ಆಸ್ಪತ್ರೆಯಾಗಲಿ, ಬೆಳಗಾವಿ ಕಡೆಯವರು ಚೋರ್ಲಾ ಘಾಟ್ ಹತ್ತುತ್ತಾರೆ, ಧಾರವಾಡ-ಹುಬ್ಬಳ್ಳಿಯವರು ಅನಮೋಡ ಘಾಟ್ ಹಿಡಿದು ರಾಮನಗರ, ಲೋಂಡಾ ದಾಟುತ್ತಾರೆ, ಕಾರವಾರದವರು ಕಾಣಕೋಣದ ಮೇಲೆ ಹೋಗಿಬರುತ್ತಾರೆ. ಹೀಗಾಗಿ ನಮ್ಮ ಸಂಘದಲ್ಲಿ ಥಾರ್, ಜಿಮ್ನಿ, ಗೂರ್ಖಾ, ಬೊಲೆರೊ ಇಟ್ಟುಕೊಂಡವರು ಬಹಳ. ಇತ್ತೀಚೆಗೆ ಯುವಕರು ಗಾಡಿಯನ್ನು ಎರಡು ಇಂಚು ಎತ್ತರಿಸಿ, ಅಂದರೆ ಲಿಫ್ಟ್ ಮಾಡಿಸಿ, ದೊಡ್ಡ ಟೈರು ಹಾಕಿಸುವುದೂ ಹೆಚ್ಚಾಗಿದೆ. "ಯಾವ ಅಳತೆ ಹಾಕಿಸಬೇಕು?" ಎಂದು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ.

ಕಳೆದ ಮಳೆಗಾಲದಲ್ಲಿ ಈ ಪ್ರಶ್ನೆಗೆ ಬೇರೆಯದೇ ತೂಕ ಬಂತು. ನಮ್ಮ ಸದಸ್ಯರೊಬ್ಬರು ಮದುವೆ ಮುಗಿಸಿಕೊಂಡು ಹೆಂಡತಿ, ಮಕ್ಕಳು ಮತ್ತು ಸಾಮಾನಿನೊಂದಿಗೆ ಚೋರ್ಲಾ ಇಳಿಯುತ್ತಿದ್ದರು. ಗಾಡಿಗೆ ಲಿಫ್ಟ್ ಆಗಿತ್ತು, ಹೊಸ ಬಟನ್ ಟೈರು ಬಿದ್ದಿತ್ತು. ಖಾಲಿ ಗಾಡಿಯಲ್ಲಿ ಎಲ್ಲವೂ ಸರಿಯಿತ್ತು. ತುಂಬಿದ ಗಾಡಿಯನ್ನು ಒಂದು ಕಡಿದಾದ ತಿರುವಿನಲ್ಲಿ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಸಿಕ್ಕಿಕೊಂಡಿತು. ಗಾಬರಿಯಲ್ಲಿ ಬ್ರೇಕು ಒತ್ತಿದರು. ಒದ್ದೆ ಡಾಂಬರಿನ ಮೇಲೆ ಗಾಡಿ ಜಾರಿ ಚರಂಡಿಗೆ ಇಳಿಯಿತು. ಅದು ಗುಡ್ಡದ ಬದಿಯ ಚರಂಡಿ, ಕಣಿವೆಯ ಬದಿಯದಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ವಿಮೆಯವರು ಬಂದು ಮೊದಲು ಬರೆದುಕೊಂಡದ್ದು ಟೈರಿನ ಅಳತೆಯನ್ನು.

ಆ ಸದಸ್ಯರೇ "ಇದನ್ನು ಎಲ್ಲರಿಗೂ ತಿಳಿಸಿ" ಎಂದು ಕೇಳಿಕೊಂಡದ್ದರಿಂದ ಈ ಲೇಖನ. ದೊಡ್ಡ ಟೈರು ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಲೆಕ್ಕ ಹಾಕಿ ಆರಿಸಿ ಎನ್ನುವುದಷ್ಟೇ.

ಟೈರಿನ ಮೇಲೆ ಬರೆದಿರುವುದೇನು?

ಟೈರಿನ ಪಕ್ಕದಲ್ಲಿ 245/75 ಆರ್ 16 ಎಂದಿದ್ದರೆ, 245 ಎಂಬುದು ಅಗಲ, ಮಿಲಿಮೀಟರಿನಲ್ಲಿ. 75 ಎಂಬುದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 75. ಆರ್ ಎಂದರೆ ರೇಡಿಯಲ್. 16 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ.

ಈಗ ಟೈರಿನ ಒಟ್ಟು ಎತ್ತರ ಕಂಡುಹಿಡಿಯೋಣ. 245ರ ಶೇಕಡಾ 75 ಎಂದರೆ ಸುಮಾರು 184 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಹೀಗಾಗಿ ಎರಡರಿಂದ ಗುಣಿಸಿದರೆ ಸುಮಾರು 368. ರಿಮ್ಮು 16 ಇಂಚು, ಅಂದರೆ 406 ಮಿ.ಮೀ. ಕೂಡಿದರೆ 774 ಮಿ.ಮೀ., ಸುಮಾರು ಮೂವತ್ತೂವರೆ ಇಂಚು. 2020ರಲ್ಲಿ ಬಂದ ಹೊಸ ಥಾರ್‌ನ 16 ಇಂಚಿನ ರಿಮ್ಮಿನ ಮಾದರಿಗೆ ಕಂಪನಿ ಕೊಟ್ಟ ಟೈರು ಇದೇ. ಅದೇ ಥಾರ್‌ನ 18 ಇಂಚಿನ ಮಾದರಿಗೆ 255/65 ಆರ್ 18 ಬರುತ್ತದೆ. ಅದರ ಎತ್ತರ ಸುಮಾರು 789 ಮಿ.ಮೀ. ಬೊಲೆರೊಗೆ ಬರುವ 215/75 ಆರ್ 15ರ ಎತ್ತರ ಸುಮಾರು 704, ಜಿಮ್ನಿಯ 195/80 ಆರ್ 15ರದು 693.

ಅಳತೆಯ ಮುಂದೆ ಇನ್ನೊಂದು ಅಂಕಿ ಮತ್ತು ಅಕ್ಷರ ಇರುತ್ತದೆ. ಅಂಕಿ ಹೊರೆಯದು: 104 ಎಂದರೆ ಆ ಒಂದು ಟೈರು 900 ಕಿಲೋ ಹೊರಬಲ್ಲದು, 111 ಎಂದರೆ 1,090 ಕಿಲೋ, 116 ಎಂದರೆ 1,250 ಕಿಲೋ. ಅಕ್ಷರ ವೇಗದ್ದು: ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಎಸ್ ಎಂದರೆ 180, ಟಿ ಎಂದರೆ 190. ಹೊಸ ಟೈರಿನ ಹೊರೆಯ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಟೈರು ಎಷ್ಟೇ ದಪ್ಪಗೆ ಕಂಡರೂ ನಂಬಬೇಕಾದದ್ದು ಈ ಅಂಕಿಯನ್ನು.

ಇನ್ನೊಂದು ಕಡೆ ನಾಲ್ಕು ಅಂಕಿಯ ಗುರುತು ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರು ರಿಯಾಯಿತಿಯಲ್ಲಿ ಸಿಕ್ಕರೆ ಈ ಅಂಕಿಯನ್ನು ನೋಡದೆ ಹಣ ಕೊಡಬೇಡಿ.

ಲಿಫ್ಟ್ ಕೊಡುವುದೇನು, ಟೈರು ಕೊಡುವುದೇನು?

ಬಹಳ ಜನ ತಪ್ಪು ತಿಳಿಯುವುದು ಇಲ್ಲಿ. ಲಿಫ್ಟ್‌ನಲ್ಲಿ ಎರಡು ವಿಧ. ಒಂದು, ಚಾಸಿಗೂ ಮೇಲಿನ ಬಾಡಿಗೂ ನಡುವೆ ಗಟ್ಟಿ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಎತ್ತುವುದು. ಇನ್ನೊಂದು, ಸ್ಪ್ರಿಂಗು ಬದಲಿಸಿ ಅಥವಾ ಅದಕ್ಕೆ ಅಡಿಗಟ್ಟು ಕೊಟ್ಟು ಚಾಸಿಯನ್ನೇ ಎತ್ತುವುದು. ಮೊದಲನೆಯದರಿಂದ ಟೈರಿಗೆ ಜಾಗ ಸಿಗುತ್ತದೆ, ಚಾಸಿಯ ಅಡಿಯ ಅಂತರ ಹೆಚ್ಚುವುದಿಲ್ಲ. ಎರಡನೆಯದರಿಂದ ಚಾಸಿಯ ಅಡಿ ಮೇಲೇರುತ್ತದೆ. ಆದರೆ ಥಾರ್, ಗೂರ್ಖಾಗಳಲ್ಲಿ ಹಿಂದಿನದು ಒಂದೇ ತುಂಡಿನ ಆಕ್ಸಲ್, ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಹಾಗೆಯೇ. ಅಂಥ ಆಕ್ಸಲ್ಲಿನ ನಡುವೆ ನೇತಾಡುವ ಡಿಫರೆನ್ಷಿಯಲ್ ಗುಂಡು ಯಾವ ಲಿಫ್ಟ್‌ನಿಂದಲೂ ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಅದನ್ನು ಎತ್ತುವುದು ಟೈರು ಮಾತ್ರ.

ಅದೂ ಎಷ್ಟು? ಹೆಚ್ಚಿದ ಎತ್ತರದ ಅರ್ಧ. 245/75 ಆರ್ 16 ತೆಗೆದು 265/75 ಆರ್ 16 ಹಾಕಿದರೆ ಎತ್ತರ 774ರಿಂದ 804 ಆಗುತ್ತದೆ. ವ್ಯತ್ಯಾಸ 30 ಮಿ.ಮೀ. ಡಿಫರೆನ್ಷಿಯಲ್ ಏರುವುದು 15 ಮಿ.ಮೀ., ಒಂದು ಬೆರಳಿನಗಲ. 285/75 ಆರ್ 16 ಹಾಕಿದರೆ ಎತ್ತರ 834, ಸುಮಾರು 33 ಇಂಚು. ಆಗ ಏರುವುದು 30 ಮಿ.ಮೀ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಮ್ಮ ಗಾಡಿಯ ಯಾವ ಭಾಗ ನೆಲಕ್ಕೆ ತಾಗುತ್ತಿದೆ? ಡಿಫರೆನ್ಷಿಯಲ್ ಕಲ್ಲಿಗೆ ಬಡಿಯುತ್ತಿದ್ದರೆ ಟೈರು ಉತ್ತರ. ಚಾಸಿಯ ನಡುಭಾಗ ದಿಬ್ಬಕ್ಕೆ ಕೂರುತ್ತಿದ್ದರೆ ಲಿಫ್ಟ್ ಉತ್ತರ. ಯಾವುದೂ ತಾಗುತ್ತಿಲ್ಲವೆಂದರೆ ಎರಡೂ ಬೇಡ, ಒಳ್ಳೆಯ ಹಿಡಿತದ ಟೈರನ್ನು ಅದೇ ಅಳತೆಯಲ್ಲಿ ಹಾಕಿಸಿದರೆ ಸಾಕು.

ದೊಡ್ಡ ಟೈರಿನ ಜೊತೆ ಬದಲಾಗುವುದು

ಒಂದು, ವೇಗದ ಮುಳ್ಳು. 265/75 ಆರ್ 16 ಹಾಕಿದ ಗಾಡಿಯಲ್ಲಿ ಮುಳ್ಳು 80 ತೋರಿಸುವಾಗ ನಿಜವಾದ ವೇಗ ಸುಮಾರು 83. 285 ಹಾಕಿದರೆ 86. ಕಿಲೋಮೀಟರು ಮೀಟರ್ ಕೂಡ ಅಷ್ಟೇ ಕಡಿಮೆ ತೋರಿಸುತ್ತದೆ. "ಟೈರು ಬದಲಿಸಿದ ಮೇಲೆ ಮೈಲೇಜು ಬಿತ್ತು" ಎನ್ನುವವರ ದೂರಿನಲ್ಲಿ ಒಂದು ಪಾಲು ಈ ಲೆಕ್ಕದ್ದು, ಉಳಿದ ಪಾಲು ತೂಕದ್ದು.

ಎರಡು, ಗೇರು. ಚಕ್ರ ದೊಡ್ಡದಾದಷ್ಟೂ ಪ್ರತಿ ಗೇರೂ ಉದ್ದವಾಗುತ್ತದೆ. ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಅದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದಿರುವುದು ಇಳಿಜಾರಿನದು. ಎರಡನೇ ಗೇರಿನಲ್ಲಿ ಘಟ್ಟ ಇಳಿಯುವಾಗ ಇಂಜಿನ್ನು ಗಾಡಿಯನ್ನು ಹಿಡಿದಿಡುವ ಬಲ 265ರಲ್ಲಿ ಶೇಕಡಾ 4ರಷ್ಟು, 285ರಲ್ಲಿ ಸುಮಾರು ಶೇಕಡಾ 7ರಷ್ಟು ತಗ್ಗುತ್ತದೆ. ಉಳಿದ ಕೆಲಸವೆಲ್ಲ ಬ್ರೇಕಿನ ಪಾಲಿಗೆ.

ಮೂರು, ಬ್ರೇಕು. ಡಿಸ್ಕು ಅದೇ, ಪೆಡಲು ಅದೇ, ಆದರೆ ಚಕ್ರದ ತೋಳು ಉದ್ದವಾಯಿತು. ಅದೇ ಒತ್ತಿಗೆ ನೆಲದ ಮೇಲೆ ಸಿಗುವ ಹಿಡಿತದ ಬಲವೂ ಅದೇ ಪ್ರಮಾಣದಲ್ಲಿ ಕಡಿಮೆ. ಜೊತೆಗೆ ಭಾರದ ಟೈರು ತಿರುಗುತ್ತಿದ್ದರೆ ನಿಲ್ಲಿಸಲು ಇನ್ನಷ್ಟು ಶ್ರಮ. ಅನಮೋಡ ಇಳಿದು ಮೊಲೆಂ ತಲುಪುವಷ್ಟರಲ್ಲಿ ಬ್ರೇಕಿನ ವಾಸನೆ ಬಂದರೆ ಕಾರಣ ಇದೇ ಇರಬಹುದು.

ನಾಲ್ಕು, ಸ್ಟಿಯರಿಂಗು ಮತ್ತು ವಾಲಾಟ. ಗಾಡಿ ಎತ್ತರವಾದಷ್ಟು ಭಾರದ ಕೇಂದ್ರ ಮೇಲೇರುತ್ತದೆ, ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಲಿಫ್ಟ್ ಮಾಡಿದಾಗ ಮುಂದಿನ ಚಕ್ರದ ಓರೆ ಕೋನವೂ ಬದಲಾಗುವುದರಿಂದ, ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನಾಗಿ ನೇರಕ್ಕೆ ಬರುವ ಗುಣ ಕುಂದಬಹುದು. ಆದ್ದರಿಂದ ಲಿಫ್ಟ್ ಆದ ಗಾಡಿಗೆ ಅಲೈನ್‌ಮೆಂಟ್ ಕಡ್ಡಾಯ.

ಐದು, ಸ್ಟೆಪ್ನಿ. ಟೈರು ನಾಲ್ಕಲ್ಲ, ಐದು ಕೊಳ್ಳಬೇಕು. ಒಂದು ಆಕ್ಸಲ್ಲಿಗೆ ಬೇರೆ ಎತ್ತರದ ಸ್ಟೆಪ್ನಿ ಹಾಕಿ ಗಟ್ಟಿ ರಸ್ತೆಯ ಮೇಲೆ ನಾಲ್ಕು ಚಕ್ರದ ಗೇರು ಹಾಕಿದರೆ ಒಳಗಿನ ಗೇರುಗಳು ಒಂದನ್ನೊಂದು ತಿರುಚಿಕೊಳ್ಳುತ್ತವೆ. ದೊಡ್ಡ ಸ್ಟೆಪ್ನಿಯ ಭಾರವನ್ನು ಹಿಂಬಾಗಿಲಿನ ಕೀಲು ಹೊರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ತಗುಲುತ್ತದೆಯೇ? ನೋಡುವ ಕ್ರಮ

ಅಂಗಡಿಯ ಮುಂದೆ ಸಪಾಟು ನೆಲದಲ್ಲಿ ಸ್ಟಿಯರಿಂಗು ಎರಡು ಕಡೆ ತಿರುಗಿಸಿ "ತಗುಲಲ್ಲ ಸಾರ್" ಎಂದರೆ ನಂಬಬೇಡಿ. ನಮ್ಮ ಸದಸ್ಯರ ವಿಷಯದಲ್ಲಿ ಆದದ್ದು ಅದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಟೈರಿಗೂ ಸಲ್ಲುತ್ತದೆ. ಆದರೆ ಹಾಸಿಗೆ ಎಷ್ಟಿದೆ ಎಂದು ಅಳೆಯುವುದು ಹೊರೆ ಇದ್ದಾಗ.

ಸಾಧ್ಯವಾದರೆ ಅದೇ ಅಳತೆಯ ಒಂದು ಟೈರನ್ನು ಮುಂದೆ ಹಾಕಿಸಿ. ಗಾಡಿಯಲ್ಲಿ ಜನರನ್ನು ಕೂರಿಸಿ, ಸಾಮಾನು ತುಂಬಿ. ಆ ಚಕ್ರವನ್ನು ಒಂದು ಗಟ್ಟಿ ದಿಮ್ಮಿಯ ಮೇಲೆ ನಿಧಾನವಾಗಿ ಹತ್ತಿಸಿ, ಸ್ಪ್ರಿಂಗು ಪೂರ್ತಿ ಕುಗ್ಗಲಿ. ಆಮೇಲೆ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಹಿಂದಕ್ಕೆ ಚಲಿಸಿಯೂ ನೋಡಿ, ಏಕೆಂದರೆ ಕೆಲವು ಗಾಡಿಗಳಲ್ಲಿ ಹಿಂದಕ್ಕೆ ಬರುವಾಗಲೇ ತಗುಲುವುದು. ಹೊರಗಿನ ಪ್ಲಾಸ್ಟಿಕ್ಕಿಗೆ ಒಮ್ಮೆ ಸವರಿದರೆ ಅದನ್ನು ಸರಿಪಡಿಸಬಹುದು. ಒಳಗಿನ ಬ್ರೇಕು ಪೈಪಿಗೆ, ಸಸ್ಪೆನ್ಷನ್ ತೋಳಿಗೆ, ಚಾಸಿಗೆ ತಾಗಿದರೆ ಆ ಅಳತೆ ನಿಮ್ಮ ಗಾಡಿಗಲ್ಲ.

ತಗುಲದಿರಲೆಂದು ಹೊರಚಾಚುವ ರಿಮ್ಮು ಹಾಕಿಸುವುದೂ ಇದೆ. ಅದರಿಂದ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಚಕ್ರ ಬಾಡಿಯಿಂದ ಹೊರಬಂದು ಕೆಸರು ಗಾಜಿಗೆಲ್ಲ ಹಾರುತ್ತದೆ. ಪ್ರತಿ ಟೈರಿಗೂ ಎಷ್ಟು ಅಗಲದ ರಿಮ್ಮು ಹೊಂದುತ್ತದೆ ಎಂದು ಟೈರು ಕಂಪನಿ ಹೇಳಿರುತ್ತದೆ. ಅದನ್ನು ಕೇಳಿ ಪಡೆಯಿರಿ.

ನಮ್ಮ ನೆಲಕ್ಕೆ ಯಾವ ಬಟನ್?

ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ನೆಲ ಜಂಬಿಟ್ಟಿಗೆಯದು. ಮೇಲೆ ಒಂದು ಪದರ ಕೆಂಪು ರಾಡಿ, ಅದರಡಿ ಗಟ್ಟಿ ಕಲ್ಲು. ಇಂಥ ನೆಲದಲ್ಲಿ ತೀರ ಅಗಲದ ಟೈರು ರಾಡಿಯ ಮೇಲೆ ತೇಲಿ ಜಾರುತ್ತದೆ. ಎತ್ತರವಿದ್ದು ಅಗಲ ಮಿತವಾಗಿರುವ ಟೈರು ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಹಳೆಯ ವಿಲ್ಲೀಸ್ ಜೀಪಿಗೆ 6.00-16ರ ತೆಳ್ಳಗಿನ ಟೈರು ಇದ್ದದ್ದನ್ನು ನಮ್ಮ ಹಿರಿಯರು ನೆನಪಿಸಿಕೊಳ್ಳುತ್ತಾರೆ. ಆ ಟೈರಿನಲ್ಲೇ ಅದು ಕಾಡು, ಗದ್ದೆ, ಹಳ್ಳ ಎಲ್ಲ ಸುತ್ತಿತು. ಅಗಲದ ಟೈರು ನಿಜವಾಗಿ ಗೆಲ್ಲುವುದು ಆಳ ಮರಳಿನಲ್ಲಿ. ಆದರೆ ಗೋವಾದ ಕಡಲತೀರದ ಮೇಲೆ ಗಾಡಿ ಓಡಿಸುವುದು ನಿಷಿದ್ಧ, ಪೊಲೀಸರು ದಂಡ ಹಾಕುತ್ತಾರೆ. ಮರಳಿಗಾಗಿ ಅಗಲದ ಟೈರು ಕೊಂಡು ಇಲ್ಲಿ ಮಾಡುವುದೇನು?

ಕುಳೆಂನಿಂದ ದೂಧಸಾಗರಕ್ಕೆ ಹೋಗುವ ಬಾಡಿಗೆ ಜೀಪುಗಳನ್ನು ನೋಡಿ. ಅಕ್ಟೋಬರಿನಿಂದ ಬೇಸಿಗೆಯವರೆಗೆ ದಿನವೂ ಪ್ರವಾಸಿಗರನ್ನು ತುಂಬಿಕೊಂಡು ಕಲ್ಲು, ಹೊಂಡ, ಹರಿಯುವ ನೀರು ದಾಟಿ 310 ಮೀಟರ್ ಎತ್ತರದ ಜಲಪಾತದ ಬುಡಕ್ಕೆ ಹೋಗಿಬರುತ್ತವೆ. ಅವುಗಳಲ್ಲಿ ಆಡಂಬರವೇನೂ ಇಲ್ಲ. ದಾರಿ ಬಲ್ಲ ಡ್ರೈವರು, ಕಡಿಮೆ ಗೇರು, ನಿಧಾನ. ಇವೇ ಅವುಗಳ ಬಂಡವಾಳ. ಇನ್ನೊಂದು ತುದಿಯಲ್ಲಿ ರೇನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆ ಇದೆ. ಮಲೇಷ್ಯಾದಲ್ಲಿ 1997ರಲ್ಲಿ ಶುರುವಾದ ಈ ಸ್ಪರ್ಧೆಯ ಭಾರತದ ಆವೃತ್ತಿ 2014ರಲ್ಲಿ ಗೋವಾದಲ್ಲೇ ಮಳೆಗಾಲದಲ್ಲಿ ಆರಂಭವಾಯಿತು. ಅಲ್ಲಿನ ಗಾಡಿಗಳ ದೈತ್ಯ ಟೈರು ನೋಡಿ ಮನಸ್ಸು ಹಾರುವುದು ಸಹಜ. ಆದರೆ ಆ ಗಾಡಿಗಳಿಗೆ ವಿಂಚು, ಬಲಪಡಿಸಿದ ಆಕ್ಸಲ್ಲು, ಒಳಪಂಜರ ಎಲ್ಲ ಇವೆ. ಸಂಜೆ ಅದೇ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬೆಳಗಾವಿಗೆ ಹೋಗುವ ಪ್ರಶ್ನೆ ಅವಕ್ಕಿಲ್ಲ.

ಟೈರಿನಲ್ಲಿ ಮುಖ್ಯವಾಗಿ ಮೂರು ಬಗೆ. ಎಚ್.ಟಿ. ರಸ್ತೆಗೆ. ಎಂ.ಟಿ. ಕೆಸರಿಗೆ, ಬಟನ್ ದೊಡ್ಡದು, ನಡುವಿನ ಸಂದು ಅಗಲ, ಮೆತ್ತಿದ ಕೆಸರನ್ನು ತಾನೇ ಕೊಡವಿಕೊಳ್ಳುತ್ತದೆ. ಎ.ಟಿ. ಇವೆರಡರ ನಡುವಿನದು. ಎಂ.ಟಿ.ಯ ಕೊರತೆ ಒದ್ದೆ ಡಾಂಬರಿನಲ್ಲಿ: ನೆಲಕ್ಕೆ ಕೂರುವ ರಬ್ಬರು ಕಡಿಮೆ, ನೀರು ಸೀಳುವ ಸಣ್ಣ ಗೀರುಗಳೂ ಕಡಿಮೆ, ಹೀಗಾಗಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ನಮ್ಮ ಓಡಾಟದ ನೂರರಲ್ಲಿ ತೊಂಬತ್ತು ಪಾಲು ಒದ್ದೆ ಡಾಂಬರೇ ಆಗಿರುವಾಗ ಎ.ಟಿ. ಟೈರೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಗಾಳಿ ಎಷ್ಟು?

ಡ್ರೈವರು ಬಾಗಿಲಿನ ಕಂಬದ ಮೇಲೆ ಅಂಟಿಸಿರುವ ಗಾಳಿಯ ಲೆಕ್ಕ ಕಂಪನಿ ಟೈರಿನದು. ಅಳತೆ ಬದಲಾದಾಗ, ಅದರಲ್ಲೂ ಎಲ್.ಟಿ. ಎಂಬ ಗುರುತಿನ ಗಟ್ಟಿ ಗೋಡೆಯ ಟೈರಾದಾಗ, ಅದೇ ಹೊರೆಗೆ ಬೇರೆ ಗಾಳಿ ಬೇಕಾಗುತ್ತದೆ. ಟೈರು ಕಂಪನಿಯ ಪಟ್ಟಿ ಕೇಳಿ. ಮನೆಯಲ್ಲೇ ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಟೈರಿನ ಬಟನ್ ಮೇಲೆ ಅಡ್ಡಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು, ಒಣ ರಸ್ತೆಯಲ್ಲಿ ನೇರ ಸ್ವಲ್ಪ ದೂರ ಓಡಿಸಿ. ಗೆರೆ ಸಮನಾಗಿ ಅಳಿಸಿದರೆ ಗಾಳಿ ಸರಿ. ನಡುವಷ್ಟೇ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳಷ್ಟೇ ಅಳಿಸಿದರೆ ಕಡಿಮೆ.

ಕಚ್ಚಾ ದಾರಿಯಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ಎಷ್ಟೋ ಸಲ ದೊಡ್ಡ ಟೈರು ಕೊಡುವ ಲಾಭವನ್ನು ಇದು ಖರ್ಚಿಲ್ಲದೆ ಕೊಡುತ್ತದೆ. ರಾಡಿ ಮತ್ತು ಕಲ್ಲಿನ ದಾರಿಗೆ 20 ಪಿ.ಎಸ್.ಐ. ಸುತ್ತಮುತ್ತ ಇಳಿಸಿ ನಿಧಾನ ಹೋಗಿ. 15ಕ್ಕಿಂತ ಕೆಳಗೆ ಹೋದರೆ ಟೈರು ರಿಮ್ಮಿನಿಂದ ಕಳಚುವ ಅಪಾಯವಿದೆ. ಡಾಂಬರಿಗೆ ಬರುತ್ತಲೇ ಗಾಳಿ ತುಂಬಿಸಿಕೊಳ್ಳಿ. ಒಂದು ಸಣ್ಣ ಗಾಳಿ ಪಂಪು ಗಾಡಿಯಲ್ಲೇ ಇರಲಿ.

ನೀರಿನ ಬಗ್ಗೆ ಒಂದು ಮಾತು. ಥಾರ್‌ಗೆ ಕಂಪನಿ ಹೇಳಿರುವ ನೀರಿನ ಆಳದ ಮಿತಿ 650 ಮಿ.ಮೀ. ದೊಡ್ಡ ಟೈರು ಹಾಕಿದೆವೆಂದು ಆ ಮಿತಿ ದೊಡ್ಡದಾಗಿ ಏನೂ ಏರುವುದಿಲ್ಲ. ಮೇಲಾಗಿ ಗಾಳಿ ತುಂಬಿದ ದೊಡ್ಡ ಟೈರು ತೇಲುವ ವಸ್ತು. ರಭಸದ ನೀರಿನಲ್ಲಿ ಅದು ಗಾಡಿಯನ್ನು ಎತ್ತಲು ನೋಡುತ್ತದೆ. ಮಳೆಯಲ್ಲಿ ಕೆಂಪಾಗಿ ಹರಿಯುವ ಹಳ್ಳಕ್ಕೆ ಇಳಿಯಲೇಬೇಡಿ.

ಕಾನೂನು ಮತ್ತು ವಿಮೆ

ಗಡಿಯಲ್ಲಿ ಓಡಾಡುವ ನಮಗೆ ಗೋವಾ, ಕರ್ನಾಟಕ, ಮಹಾರಾಷ್ಟ್ರ ಮೂರೂ ಕಡೆ ತಪಾಸಣೆ ಎದುರಾಗಬಹುದು. ಕಾಯ್ದೆ ಮಾತ್ರ ಒಂದೇ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹಾಗಾಗಿ ಲಿಫ್ಟ್ ಮಾಡಿಸುವ ಮೊದಲು ನಿಮ್ಮ ಆರ್.ಟಿ.ಒ. ಕಚೇರಿಯಲ್ಲಿ ಕೇಳಿ. ಟೈರಿನ ಮಟ್ಟಿಗೆ ಹೇಳುವುದಾದರೆ, ಅದೇ ಗಾಡಿಯ ಇನ್ನೊಂದು ಮಾದರಿಗೆ ಕಂಪನಿಯೇ ಕೊಡುವ ಅಳತೆಗೆ ಹೋಗುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಬದಲಾವಣೆಯನ್ನು ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ, ಅವರ ಉತ್ತರವನ್ನು ಜೋಪಾನವಾಗಿಡಿ. ಬಾಯಿಮಾತು ಘಟನೆಯ ದಿನ ನೆರವಿಗೆ ಬರುವುದಿಲ್ಲ.

ಟೈರಿನ ಬಟನ್ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ಕಾನೂನಿನ ಪ್ರಕಾರ ರಸ್ತೆಗೆ ಯೋಗ್ಯವಲ್ಲ. ನಮ್ಮ ಮಳೆಗೆ ಅಷ್ಟು ಕಾಯಬೇಡಿ, 3 ಮಿ.ಮೀ.ಗೆ ಬಂದಾಗಲೇ ಬದಲಿಸುವುದು ಒಳಿತು.

ಕೊನೆಯದಾಗಿ ನಮ್ಮ ಸಲಹೆ

ವಾರಕ್ಕೊಮ್ಮೆ ಘಟ್ಟ ಹತ್ತಿ ಇಳಿಯುವ, ಆಗಾಗ ತೋಟಕ್ಕೋ ಕಚ್ಚಾ ದಾರಿಗೋ ಹೋಗುವ ಗಾಡಿಗೆ ಕಂಪನಿ ಎತ್ತರಕ್ಕಿಂತ ಶೇಕಡಾ 3-4ರೊಳಗೆ ಹೆಚ್ಚಿರುವ ಎ.ಟಿ. ಟೈರು ಸಾಕು. ಥಾರ್‌ನ 16 ಇಂಚಿನ ರಿಮ್ಮಿನಲ್ಲಿ 265/75 ಆ ಮಿತಿಯ ಅಂಚಿನಲ್ಲಿ ನಿಲ್ಲುತ್ತದೆ. ಜಿಮ್ನಿಯಲ್ಲಿ 215/75 ಆರ್ 15 ಆರಾಮವಾಗಿ ಒಳಗಿದೆ, 235/75 ಆರ್ 15 ಸುಮಾರು ಶೇಕಡಾ 6 ಆಗುವುದರಿಂದ ಹೊರಗೆ. ಅದಕ್ಕೂ ಮೇಲಕ್ಕೆ ಹೋಗುವವರು ಬ್ರೇಕು, ಗೇರು, ಸ್ಟಿಯರಿಂಗು ಮೂರನ್ನೂ ಸೇರಿಸಿ ಖರ್ಚಿನ ಲೆಕ್ಕ ಹಾಕಬೇಕು. ಹಾಗೆಯೇ ಭಗವಾನ್ ಮಹಾವೀರ ಅಭಯಾರಣ್ಯ, ಮಹಾದಾಯಿ ಅಭಯಾರಣ್ಯ, ಜೋಯಿಡಾ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡುದಾರಿಗಳಲ್ಲಿ ಅನುಮತಿಯಿಲ್ಲದೆ ಗಾಡಿ ನುಗ್ಗಿಸಬೇಡಿ. ಟೈರು ದೊಡ್ಡದಾದಷ್ಟೂ ಅದು ನೆಲದಲ್ಲಿ ಬಿಡುವ ಗಾಯವೂ ದೊಡ್ಡದು.

ಚರಂಡಿಗೆ ಇಳಿದ ಆ ಗಾಡಿ ಈಗ ಚಿಕ್ಕ ಟೈರಿನಲ್ಲಿ ಮತ್ತೆ ಓಡುತ್ತಿದೆ. ವಿಮೆಯ ಹಣ ತಿಂಗಳುಗಳ ನಂತರ, ಅದೂ ಅರ್ಧಂಬರ್ಧ ಬಂತು. "ಊರಿಗೆ ಹೋಗಿ ಬರೋ ಗಾಡಿ, ನೋಡೋರಿಗಾಗಿ ಟೈರು ಹಾಕಿಸ್ಬಾರ್ದಿತ್ತು" ಎಂದು ಅವರು ಸಭೆಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ, ಏಕೆಂದರೆ ಅಂಥ ಗಾಡಿ ನಮ್ಮಲ್ಲಿ ಅನೇಕರ ಮನೆಯ ಮುಂದಿದೆ.

ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಟೈರಿನ ಅಳತೆ, ಹೊರೆಯ ಅಂಕಿ ಮತ್ತು ತಯಾರಾದ ವಾರ, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಗ್ಯಾರೇಜಿನ ಕೆಲಸ ಬಲ್ಲ ನಮ್ಮ ಹಿರಿಯ ಸದಸ್ಯರು ಚಹಾ ಹೊತ್ತಿನಲ್ಲಿ ಕೂತು ಲೆಕ್ಕ ನೋಡಿಕೊಡಲು ಒಪ್ಪಿದ್ದಾರೆ. ಟೈರು ಕೊಳ್ಳುವ ಮೊದಲೇ ಬನ್ನಿ, ಕೊಂಡ ಮೇಲೆ ಬಂದರೂ ಸಂಕೋಚ ಬೇಡ.

ಎಲ್ಲರ ಪ್ರಯಾಣವೂ ಸುಖಕರವಾಗಿರಲಿ.